ಬೀಸಣಿಗೆ ಬಿಚ್ಚುವ ಮುನ್ನ: ಕಿಮೋನೊ ಉಟ್ಟು ಜಪಾನೀ ನೃತ್ಯ ಮಾಡುವ ಬಗೆ

ಜಪಾನಿನ ಬೀಸಣಿಗೆ ನೃತ್ಯ ಕಲಿಯಬೇಕೆಂದು ಹೊರಡುವ ವಿದೇಶಿಯರಲ್ಲಿ ಹೆಚ್ಚಿನವರು ಮೊದಲು ಬೀಸಣಿಗೆಯನ್ನೇ ಕೊಂಡುಬಿಡುತ್ತಾರೆ. ಆತುರ ಬೇಡ. ಮೊದಲು ಗುರು ಸಿಗಲಿ, ಆಮೇಲೆ ಉಡುಪು, ಆಮೇಲೆ ನಡಿಗೆ. ಬೀಸಣಿಗೆಯ ಸರದಿ ಬರುವುದು ಇವೆಲ್ಲ ಆದ ಮೇಲೆ.

ಕಬುಕಿ ರಂಗಭೂಮಿಯ ಮಡಿಲಲ್ಲಿ ಬೆಳೆದ ಈ ಪ್ರಕಾರಕ್ಕೆ ನಿಹೊನ್ ಬುಯೊ ಎಂದು ಹೆಸರು. ಹನಾಯಾಗಿ, ಫುಜಿಮಾ, ವಕಾಯಾಗಿ, ನಿಶಿಕಾವಾ, ಬಂದೋ ಎಂಬ ಐದು ಪರಂಪರೆಗಳು ಪ್ರಮುಖವಾದವು. ಕ್ಯೋಟೋದ ಗಿಯೋನ್ ಬೀದಿಗಳಲ್ಲಿ ಇನೊಉಎ ಶಾಲೆಯದ್ದು ಬೇರೆಯೇ ಹದ. ಯಾವ ಪರಂಪರೆ ಎಂದು ತಲೆ ಕೆಡಿಸಿಕೊಳ್ಳುವುದಕ್ಕಿಂತ ವಾರವಾರವೂ ತಪ್ಪದೆ ಹೋಗಿಬರಬಹುದಾದ ದೂರದಲ್ಲಿರುವ ಗುರುವನ್ನು ಹುಡುಕುವುದೇ ಜಾಣತನ. ವಿದೇಶಿ ಎಂಬ ಕಾರಣಕ್ಕೆ ಬಾಗಿಲು ಮುಚ್ಚುವ ಕಲೆ ಇದಲ್ಲ. ಇಲ್ಲಿ ಕಟ್ಟುನಿಟ್ಟಾಗಿ ಕಾಯುವುದು ಪರಂಪರೆಯ ಹೆಸರನ್ನು: ವರ್ಷಗಳ ಅಭ್ಯಾಸ, ಪರೀಕ್ಷೆ, ಶುಲ್ಕ ಎಲ್ಲ ಮುಗಿದ ಮೇಲೆಯೇ ಶಿಷ್ಯರಿಗೆ ಆ ಮನೆತನದ ಹೆಸರಿನಲ್ಲಿ ಕುಣಿಯುವ ಅಧಿಕಾರ ಸಿಗುತ್ತದೆ. ಹಣದ ಮಾತನ್ನು ಆರಂಭದಲ್ಲೇ ಕೇಳಿಬಿಡಿ. ತಿಂಗಳ ಶುಲ್ಕ ಕೈಗೆಟುಕಬಹುದು; ದೊಡ್ಡ ವೇದಿಕೆ ಏರಿದರೆ ವೇಷಭೂಷಣ, ವಿಗ್, ವಾದ್ಯಗಾರರ ಖರ್ಚು ಶಿಷ್ಯರ ತಲೆಯ ಮೇಲೆಯೇ ಬೀಳುವುದುಂಟು.

ಪಾಠ ಶುರುವಾಗುವುದು ನಮಸ್ಕಾರದಿಂದ. ಮಂಡಿಯೂರಿ ಹಿಮ್ಮಡಿಯ ಮೇಲೆ ಕುಳಿತು, ಮುಚ್ಚಿದ ಬೀಸಣಿಗೆಯನ್ನು ಮೊಣಕಾಲಿನ ಮುಂದೆ ಅಡ್ಡವಾಗಿಟ್ಟು, ಅದರ ಈಚೆಯಿಂದ ತಲೆಬಾಗಬೇಕು. ಗುರುವಿಗೂ ಶಿಷ್ಯನಿಗೂ ನಡುವಿನ ಗೆರೆ ಅದು. ನಮ್ಮ ಶಾಸ್ತ್ರೀಯ ನೃತ್ಯದಲ್ಲಿ ಭೂಮಿಗೆ ನಮಿಸಿ ಅಭ್ಯಾಸವಿರುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅಭ್ಯಾಸಕ್ಕೆ ಯುಕತಾ ಎಂಬ ಹತ್ತಿಯ ತೆಳು ಕಿಮೋನೊ ಸಾಕು, ರೇಷ್ಮೆ ಬೇಡ. ಉಡುವಾಗ ಬಲ ಅಂಚನ್ನು ಮೈಗೆ ಒತ್ತಿ, ಅದರ ಮೇಲೆ ಎಡ ಅಂಚನ್ನು ತನ್ನಿ. ಗಂಡಸರಿಗೂ ಹೆಂಗಸರಿಗೂ ಇದೇ ಕ್ರಮ. ತಿರುಗುಮುರುಗಾಗಿ ಉಡಿಸುವುದು ಶವಕ್ಕೆ ಮಾತ್ರ. (ಮೊಬೈಲಿನ ಸೆಲ್ಫಿ ಕೆಲವೊಮ್ಮೆ ಎಡಬಲ ಅದಲುಬದಲು ಮಾಡುತ್ತದೆ. ಸರಿಯಾಗಿ ಉಟ್ಟವರ ಚಿತ್ರವೂ ಆಗ ಅಪಶಕುನವಾಗಿ ಕಾಣುತ್ತದೆ. ಹಂಚುವ ಮುನ್ನ ನೋಡಿಕೊಳ್ಳಿ.) ಹೆಂಗಸರ ಕಿಮೋನೊ ಉದ್ದದಲ್ಲಿ ಮಿಕ್ಕಿದ್ದನ್ನು ಸೊಂಟದಲ್ಲಿ ಮಡಿಸಿ ದಾರದಿಂದ ಬಿಗಿಯುತ್ತಾರೆ, ಕತ್ತಿನ ಹಿಂದೆ ಒಂದು ಮುಷ್ಟಿ ಹಿಡಿಯುವಷ್ಟು ಜಾಗ ಬಿಡುತ್ತಾರೆ. ನಡು ಸಣ್ಣಗಿದ್ದರೆ ಟವೆಲ್ ಸುತ್ತಿ ದಪ್ಪ ಮಾಡಿಕೊಳ್ಳುವುದು ರೂಢಿ. ಮೈ ಮೇಲಿನಿಂದ ಕೆಳಗಿನವರೆಗೆ ನೆಟ್ಟಗೆ ಇದ್ದರೇನೇ ಓಬಿ ಎಂಬ ಅಗಲದ ಸೊಂಟಪಟ್ಟಿ ಜಾರದೆ ನಿಲ್ಲುತ್ತದೆ. ಉಟ್ಟಾದ ಮೇಲೆ ಕುಳಿತು, ಎದ್ದು, ಎರಡೂ ತೋಳು ಎತ್ತಿ ನೋಡಿ. ಉಸಿರು ಸಿಕ್ಕಿಹಾಕಿಕೊಂಡರೆ ಬಿಚ್ಚಿ ಮತ್ತೆ ಕಟ್ಟುವುದೇ ವಾಸಿ.

ಈಗ ನಡಿಗೆ. ತಾಬಿ ಎಂಬ, ಹೆಬ್ಬೆರಳು ಬೇರೆಯಾದ ಕಾಲುಚೀಲ ತೊಟ್ಟು, ಸೊಂಟ ತಗ್ಗಿಸಿ, ಮೊಣಕಾಲು ತುಸು ಮಡಿಸಿ, ಪಾದವನ್ನು ನೆಲದಿಂದ ಎತ್ತದೆ ಜಾರಿಸುತ್ತ ಹೋಗಬೇಕು. ತಲೆ ಮೇಲೆ ಕೆಳಗೆ ಕುಲುಕಬಾರದು. ಸ್ತ್ರೀ ಪಾತ್ರವಾದರೆ ಮೊಣಕಾಲುಗಳು ಕೂಡಿರಬೇಕು, ಕಾಲ್ಬೆರಳು ಒಳಮುಖವಾಗಿರಬೇಕು. ಮಂಡಿಗಳ ನಡುವೆ ಕಾಗದ ಸಿಕ್ಕಿಸಿ, ಅದು ಬೀಳದಂತೆ ನಡೆಸುವುದು ಕಬುಕಿಯ ಹಳೆಯ ತರಬೇತಿ. ಭರತನಾಟ್ಯ ಕಲಿತವರು ಒದ್ದಾಡುವುದು ಇಲ್ಲಿಯೇ. ಅರೆಮಂಡಿಯಲ್ಲಿ ಹೊರಕ್ಕೆ ತೆರೆದುಕೊಂಡು ಪಳಗಿದ ಮೊಣಕಾಲು ಒಳಗೆ ಬಾ ಎಂದರೆ ಬರುವುದಿಲ್ಲ. ಅರಳಿಸಿ ಅಭ್ಯಾಸವಾದ ಬೆರಳುಗಳನ್ನು ಇಲ್ಲಿ ಜೋಡಿಸಿ ಇಡಬೇಕು, ಹುಬ್ಬು ಕಣ್ಣುಗಳ ಅಭಿನಯವನ್ನು ಬಹಳಷ್ಟು ತಗ್ಗಿಸಬೇಕು. ಆದರೆ ಒಂದೇ ದೇಹದಲ್ಲಿ ಗಂಡು, ಹೆಣ್ಣು, ಮುದುಕ ಮೂವರನ್ನೂ ತೋರಿಸುವ ಕಲೆ ಅವರಿಗೆ ಮೊದಲೇ ಗೊತ್ತು. ಅದು ಸಣ್ಣ ಬಂಡವಾಳವಲ್ಲ.

ಕಿಮೋನೊ ಈ ನಡಿಗೆಗೆ ಅಡ್ಡಿ ಎಂದು ಹೊಸಬರು ದೂರುತ್ತಾರೆ. ನನ್ನ ಮಟ್ಟಿಗೆ ಅದೇ ಮೊದಲ ಗುರು: ಹೆಜ್ಜೆ ದೊಡ್ಡದಾದ ಕೂಡಲೇ ಅಂಚು ಬಿಚ್ಚಿಕೊಂಡು ತಪ್ಪು ತೋರಿಸಿಬಿಡುತ್ತದೆ. ಪ್ಯಾಂಟು ತೊಟ್ಟು ಕಲಿತ ಹೆಜ್ಜೆಯನ್ನು ಮುಂದೆ ಪೂರ್ತಿ ತಿದ್ದಬೇಕಾಗುತ್ತದೆ.

ಇನ್ನು ಬೀಸಣಿಗೆ. ನೃತ್ಯದ ಬೀಸಣಿಗೆಗೆ ಹತ್ತು ಕಡ್ಡಿ, ಉದ್ದ ಸುಮಾರು 29 ಸೆಂಟಿಮೀಟರ್, ಬುಡದ ತಿರುಗಣಿಯ ಬಳಿ ಸೀಸದ ಪುಟ್ಟ ತೂಕ. ಪ್ರವಾಸಿ ಅಂಗಡಿಯ ಬೀಸಣಿಗೆಗೆ ಈ ತೂಕ ಇರುವುದಿಲ್ಲ. ಕೈಯಲ್ಲಿ ತಿರುಗಿಸಿದರೆ ಎತ್ತಲೋ ಹಾರುತ್ತದೆ. ಬಿಚ್ಚುವಾಗ ಬಲಗೈಯಲ್ಲಿ ಹಿಡಿದು, ಎಡಗೈಯ ಆಸರೆ ಕೊಟ್ಟು, ಹೆಬ್ಬೆರಳಿನಿಂದ ಹೊರ ಕಡ್ಡಿಯನ್ನು ಮೆಲ್ಲನೆ ತಳ್ಳಿ. ಸಿನಿಮಾದಲ್ಲಿ ಕಾಣುವಂತೆ ‘ಫಟ್’ ಎಂದು ಬಿಚ್ಚುವ ಚಪಲ ಮೊದಲ ವರ್ಷ ಬೇಡ. ತಿರುಗಣಿಯ ಸುತ್ತ ಬೀಸಣಿಗೆಯನ್ನು ಹೊರಳಿಸುವ ವರಸೆಯನ್ನು ದಿಂಬಿನ ಮುಂದೆ ಕುಳಿತು ಅಭ್ಯಾಸ ಮಾಡಿದರೆ ಬಿದ್ದರೂ ಕಾಗದ ಹರಿಯುವುದಿಲ್ಲ.

ಮುಚ್ಚಿದ ಬೀಸಣಿಗೆ ಕೊಳಲಾಗುತ್ತದೆ, ಕುಂಚವಾಗುತ್ತದೆ, ಮದ್ಯ ಸುರಿಯುವ ಹೂಜಿಯಾಗುತ್ತದೆ. ಬಿಚ್ಚಿದರೆ ಬಟ್ಟಲು, ಕನ್ನಡಿ, ಅಲೆ, ಬೆಟ್ಟ. ಚೆರಿ ಹೂವಿನ ಎಸಳು ಉದುರುವುದನ್ನು ತೋರಿಸುವ ಬಗೆ ನೋಡಿ. ಬಿಚ್ಚಿದ ಬೀಸಣಿಗೆಯನ್ನು ತಲೆಗಿಂತ ಮೇಲಿಟ್ಟು, ಮಣಿಕಟ್ಟನ್ನು ಸಣ್ಣಗೆ ನಡುಗಿಸುತ್ತ ಓರೆಯಾಗಿ ಇಳಿಸುತ್ತಾರೆ. ಕಣ್ಣು ಬೀಸಣಿಗೆಯನ್ನು ನೋಡಬಾರದು, ಉದುರುವ ಎಸಳನ್ನು ನೋಡಬೇಕು. ನೋಟ ಬೀಸಣಿಗೆಗೆ ಅಂಟಿಕೊಂಡರೆ ಪ್ರೇಕ್ಷಕರಿಗೂ ಬರೀ ಬೀಸಣಿಗೆಯೇ ಕಾಣುತ್ತದೆ.

ಕೊನೆಗೆ ವೇದಿಕೆ. ವಿದೇಶಿಯರು ಕಿಮೋನೊ ಉಡಬಹುದೇ ಎಂಬ ಜಗಳ 2015ರಲ್ಲಿ ಬೋಸ್ಟನ್ನಿನ ಲಲಿತಕಲಾ ವಸ್ತುಸಂಗ್ರಹಾಲಯದಲ್ಲಿ ಎದ್ದಿತ್ತು. ಫ್ರೆಂಚ್ ಚಿತ್ರಕಾರ ಮೋನೆ ಬಿಡಿಸಿದ ತನ್ನ ಹೆಂಡತಿಯ ಚಿತ್ರದ ಮುಂದೆ, ಅದರಲ್ಲಿರುವಂಥದ್ದೇ ಕಿಮೋನೊ ತೊಟ್ಟು ಫೋಟೊ ತೆಗೆಸಿಕೊಳ್ಳಲು ಸಂದರ್ಶಕರನ್ನು ಕರೆದಿದ್ದರು. ಪ್ರತಿಭಟನೆ ನಡೆಯಿತು, ಕಿಮೋನೊ ಉಡಲಿ ಬಿಡಿ ಎಂದು ಅದನ್ನು ಎದುರಿಸಿದವರಲ್ಲಿ ಜಪಾನೀಯರೂ ಇದ್ದರು. ಕಲಿತು ಉಟ್ಟವರಿಗೆ ಆ ಭಯ ಬೇಕಿಲ್ಲ, ಆದರೆ ಕೆಲವು ಎಚ್ಚರಗಳಿರಲಿ. ಗುರುವಿನ ಅನುಮತಿ ಇಲ್ಲದೆ ಪ್ರದರ್ಶನಕ್ಕೆ ಒಪ್ಪಬೇಡಿ. ಪ್ರತಿವರ್ಷ ಬೆಂಗಳೂರಿನಲ್ಲಿ ನಡೆಯುವ ಜಪಾನ್ ಹಬ್ಬವೇ ಇರಲಿ, ಕಾಲೇಜಿನ ಸಮಾರಂಭವೇ ಇರಲಿ, ನಿರೂಪಕರು ನಿಮ್ಮನ್ನು ‘ಗೇಶಾ’ ಎಂದು ಕರೆಯದಂತೆ ಮೊದಲೇ ಹೇಳಿಡಿ. ಅದು ಹಾಡು, ಕುಣಿತ, ಮಾತುಗಳಿಂದ ಅತಿಥಿಗಳನ್ನು ರಂಜಿಸುವ, ವರ್ಷಗಳ ತರಬೇತಿಯ ಬೇರೆಯೇ ವೃತ್ತಿ. ಮುಖಕ್ಕೆ ಬಿಳಿ ಬಣ್ಣವೂ ಬೇಕಿಲ್ಲ. ವೇಷ, ರಂಗದ ಬಣ್ಣ ಎರಡೂ ಇಲ್ಲದೆ ಸಾದಾ ಕಿಮೋನೊದಲ್ಲಿ ನರ್ತಿಸುವ ಸು-ಒದೊರಿ ಎಂಬ ಗೌರವಾನ್ವಿತ ಪದ್ಧತಿಯೇ ಇದೆ. ಹೊಸ ಕಲಿಕೆಯವರಿಗೆ ಅದೇ ಹೊಂದುತ್ತದೆ.

ಪ್ರದರ್ಶನ ಮುಗಿದ ತಕ್ಷಣ ಕಿಮೋನೊ ಮಡಿಸಬೇಡಿ. ಬೆವರು ಆರುವವರೆಗೆ ನೆರಳಲ್ಲಿ ತೂಗುಹಾಕಿ, ಆಮೇಲೆ ಹೊಲಿಗೆಯ ಗೆರೆಗಳ ಮೇಲೆಯೇ ಮಡಿಸಿ ಕಾಗದದಲ್ಲಿ ಸುತ್ತಿಡಿ.