ಲೆಕ್ಕ ಸರಿ, ಸಮೀಕರಣ ತಪ್ಪು

ರಸಾಯನಶಾಸ್ತ್ರ ಕಲಿಯಲು ಶುರು ಮಾಡಿದ ಹೊಸತು. ಒಂದು ಕಿರುಪರೀಕ್ಷೆಯಲ್ಲಿ ಮೆಗ್ನೀಸಿಯಂ ಮತ್ತು ಕ್ಲೋರಿನ್ ಸೇರುವ ಸಮೀಕರಣ ಕೇಳಿದ್ದರು. ಹಿಂದಿನ ದಿನವಷ್ಟೇ ಸೋಡಿಯಂ ಕ್ಲೋರೈಡ್ ಮಾಡಿದ್ದೆ. ಅದೇ ಗುಂಗಿನಲ್ಲಿ ಒಂದು ಮೆಗ್ನೀಸಿಯಂಗೆ ಒಂದೇ ಕ್ಲೋರಿನ್ ಅಂಟಿಸಿ ಸೂತ್ರ ಬರೆದೆ. ಆಮೇಲೆ ಎಡಗಡೆ ಎರಡು ಮೆಗ್ನೀಸಿಯಂ, ಎರಡು ಪರಮಾಣು ಇರುವ ಒಂದು ಕ್ಲೋರಿನ್ ಅಣು. ಬಲಗಡೆ ನನ್ನ ಸೂತ್ರಕ್ಕೊಂದು 2. ಎಣಿಸಿದೆ. ಎರಡೂ ಕಡೆ ಎರಡೆರಡು! ಸಿಕ್ಕಿದ ಅಂಕ ಸೊನ್ನೆ.

ವೇಲೆನ್ಸಿ ಅಂದರೆ ಒಂದು ಪರಮಾಣು ಬೇರೆಯವುಗಳ ಜೊತೆ ಸೇರುವ ಸಾಮರ್ಥ್ಯದ ಸಂಖ್ಯೆ. ಮೆಗ್ನೀಸಿಯಂ ವೇಲೆನ್ಸಿ 2, ಕ್ಲೋರಿನ್‌ದು 1. ಒಂದಕ್ಕೆ ಎರಡು ಕ್ಲೋರಿನ್ ಬೇಕೇ ಬೇಕು. ತಮಾಷೆ ಏನೆಂದರೆ, ಸೂತ್ರ ಸರಿಯಾಗಿ ಬರೆದಿದ್ದರೆ ಸರಿದೂಗಿಸುವ ಕೆಲಸವೇ ಇರಲಿಲ್ಲ. ಸಮೀಕರಣ ತಾನಾಗಿಯೇ ಸಮ ಇತ್ತು. ಇಲ್ಲದ ವಸ್ತುವನ್ನು ಹುಟ್ಟಿಸಿ, ಅದನ್ನು ಸುಮ್ನೆ ಅಚ್ಚುಕಟ್ಟಾಗಿ ತೂಗಿಸಿದ್ದೆ, ಅಷ್ಟೆ.

ಅವತ್ತಿನಿಂದ ಸೂತ್ರಗಳನ್ನು ಪೆನ್ನಿನಲ್ಲಿ, ಅವುಗಳ ಎಡಕ್ಕೆ ಬರುವ ಸಂಖ್ಯೆಗಳನ್ನು ಪೆನ್ಸಿಲಿನಲ್ಲಿ ಬರೆಯತೊಡಗಿದೆ. ಮೊದಲು ವೇಲೆನ್ಸಿ ನೋಡಿ ಸೂತ್ರ ಖಚಿತ ಮಾಡಿಕೊಳ್ಳುತ್ತಿದ್ದೆ. ಹೈಡ್ರೋಜನ್, ನೈಟ್ರೋಜನ್, ಆಕ್ಸಿಜನ್, ಫ್ಲೋರಿನ್, ಕ್ಲೋರಿನ್, ಬ್ರೋಮಿನ್, ಅಯೋಡಿನ್ ಒಂಟಿಯಾಗಿ ನಿಂತಿವೆಯಾ ಎಂದು ಹುಡುಕುತ್ತಿದ್ದೆ. ಧಾತುವಾಗಿ ಇರುವಾಗ ಈ ಏಳೂ ಜೋಡಿಯಾಗಿರುತ್ತವೆ. ಇಷ್ಟಾದ ಮೇಲೆ ಪೆನ್ನು ಮುಟ್ಟುವಂತಿಲ್ಲ. ನೀರಿನಲ್ಲಿ ಆಕ್ಸಿಜನ್ ಸಾಲದು ಎಂದು ಕೆಳಗೊಂದು 2 ಸೇರಿಸಿದರೆ ಅದು ಹೈಡ್ರೋಜನ್ ಪೆರಾಕ್ಸೈಡ್ ಆಗಿಬಿಡುತ್ತದೆ ಅಲ್ವಾ?

ಜಾಸ್ತಿ ಕಾಡಿದ್ದು ಬ್ಯೂಟೇನ್ ಉರಿಯುವ ಸಮೀಕರಣ. ನಾನು ಆಕ್ಸಿಜನ್‌ನಿಂದ ಶುರು ಮಾಡಿ, ಅಳಿಸಿ ಅಳಿಸಿ ಹಾಳೆ ತೂತು ಮಾಡಿದ್ದೆ. ಕಾರ್ಬನ್ ಡೈಆಕ್ಸೈಡ್, ನೀರು ಎರಡರಲ್ಲೂ ಆಕ್ಸಿಜನ್ ಇದೆ. ಒಂದನ್ನು ಮುಟ್ಟಿದರೆ ಇನ್ನೊಂದು ಅಲುಗುತ್ತದೆ. ಹಾಗಾಗಿ ಅದನ್ನು ಕೊನೆಗೆ ಬಿಡಬೇಕು. ಬ್ಯೂಟೇನ್‌ನಲ್ಲಿ ಕಾರ್ಬನ್ 4, ಆದ್ದರಿಂದ 4 ಕಾರ್ಬನ್ ಡೈಆಕ್ಸೈಡ್. ಹೈಡ್ರೋಜನ್ 10, ಆದ್ದರಿಂದ 5 ನೀರು. ಈಗ ಬಲಗಡೆ ಆಕ್ಸಿಜನ್ ಪರಮಾಣು 13. ಜೋಡಿ ಜೋಡಿಯಾಗಿ ಬರುವ ಅಣುವಿನಿಂದ 13 ಹೇಗೆ ತರುವುದು? ಆರೂವರೆ ಎಂದು ಧೈರ್ಯವಾಗಿ ಬರೆದುಕೊಳ್ಳಿ, ಹೇಗೂ ಪೆನ್ಸಿಲ್. ಆಮೇಲೆ ಎಲ್ಲವನ್ನೂ ಎರಡರಿಂದ ಗುಣಿಸಿ: 2 ಬ್ಯೂಟೇನ್, 13 ಆಕ್ಸಿಜನ್, 8 ಕಾರ್ಬನ್ ಡೈಆಕ್ಸೈಡ್, 10 ನೀರು. ಎರಡೂ ಕಡೆ ಆಕ್ಸಿಜನ್ 26.

ಸಲ್ಫೇಟ್‌ನಂಥ ಗುಂಪುಗಳನ್ನು ಮೊದಮೊದಲು ಗಂಧಕ ಬೇರೆ, ಆಕ್ಸಿಜನ್ ಬೇರೆ ಎಂದು ಬಿಡಿಸಿ ಎಣಿಸುತ್ತಿದ್ದೆ. ಗುಂಪು ಒಡೆಯದೆ ಆಚೆ ಬದಿಗೆ ಹೋದರೆ ಆ ಕಷ್ಟ ಯಾಕೆ? ಇಡೀ ಗಂಟನ್ನೇ ಒಂದು ಎಂದು ಎಣಿಸಿದರಾಯಿತು. ಅಲ್ಯುಮಿನಿಯಂ ಹೈಡ್ರಾಕ್ಸೈಡ್ ಮತ್ತು ಸಲ್ಫ್ಯೂರಿಕ್ ಆಮ್ಲ ಸೇರಿದಾಗ ಬರುವ ಅಲ್ಯುಮಿನಿಯಂ ಸಲ್ಫೇಟ್‌ನಲ್ಲಿ ಸಲ್ಫೇಟ್ ಗಂಟು 3, ಅಂದರೆ ಆಮ್ಲ 3. ಅಲ್ಯುಮಿನಿಯಂ 2, ಅಂದರೆ ಹೈಡ್ರಾಕ್ಸೈಡ್ 2. ಆಮ್ಲದಿಂದ ಬಂದ 6 ಹೈಡ್ರೋಜನ್, ಎರಡು ಅಲ್ಯುಮಿನಿಯಂ ಹೈಡ್ರಾಕ್ಸೈಡ್‌ನಿಂದ ತಲಾ ಮೂರರಂತೆ ಬಂದ 6 ಹೈಡ್ರಾಕ್ಸೈಡ್ ಗಂಟು (ಒಂದು ಆಕ್ಸಿಜನ್, ಒಂದು ಹೈಡ್ರೋಜನ್ ಸೇರಿದ್ದು). ಒಂದಕ್ಕೊಂದು ಜೋಡಿಸಿದರೆ 6 ನೀರು. ಇದರಲ್ಲಿ ರಬ್ಬರ್ ಬೇಕಾಗಲೇ ಇಲ್ಲ.