ಕೊನೆಗಾರನ ಬೆಲ್ಟಿಗೊಂದು ಕ್ಯೂಆರ್ ಕೋಡ್

ಮಳೆಗಾಲದಲ್ಲಿ ಕೊಳೆರೋಗಕ್ಕೆ ಬೋರ್ಡೋ (ಮೈಲುತುತ್ತ-ಸುಣ್ಣದ ದ್ರಾವಣ) ಹೊಡೆಯಲು, ಮಳೆ ಬಿಟ್ಟ ಮೇಲೆ ಅಡಿಕೆ ಕೊನೆ ಇಳಿಸಲು ತೀರ್ಥಹಳ್ಳಿ, ಹೊಸನಗರ, ಸಾಗರದ ತೋಟಗಳಲ್ಲಿ ಮರ ಹತ್ತುವ ಕೊನೆಗಾರರಲ್ಲಿ ಒಂದೇ ಸೇಫ್ಟಿ ಬೆಲ್ಟು ಹಲವರ ಮೈಯೇರುತ್ತದೆ. ಅದನ್ನು ಯಾವಾಗ ಕೊಂಡದ್ದು, ಕೊನೆಯ ಸಲ ಯಾರು ತಪಾಸಿಸಿದ್ದು ಎಂದು ಕೇಳಿದರೆ ಉತ್ತರವಿರುವುದಿಲ್ಲ. ಸಂಘವೋ ನಾಲ್ಕು ಮನೆಯವರೋ ಸೇರಿ ಬೆಲ್ಟು, ಹಗ್ಗ, ಕೊಕ್ಕೆ, ಹೆಲ್ಮೆಟ್ ಇಟ್ಟುಕೊಂಡಿದ್ದರೆ ಪ್ರತಿಯೊಂದಕ್ಕೂ ಕೋಡ್ ಹಾಕಿ.

ಮೊದಲು ನಂಬರು. ಕೋಡಿನೊಳಗೆ ಬರೀ ಅಂಕಿ ಇರಲಿ: ಬೆಲ್ಟಿಗೆ 1001ರಿಂದ, ಹಗ್ಗಕ್ಕೆ 2001ರಿಂದ, ಹೀಗೆ. ಅಂಕಿ ಮಾತ್ರ ಇದ್ದರೆ 21×21 ಚೌಕದ ಅತಿ ಚಿಕ್ಕ ಕೋಡೇ ಸಾಕು. ಸುಮಾರು ಶೇ 30ರಷ್ಟು ಹಾಳಾದರೂ ಓದಿಸುವ 'ಎಚ್' ಮಟ್ಟದಲ್ಲೂ ಅದು 17 ಅಂಕಿ ಹಿಡಿಯುತ್ತದೆ. ವೆಬ್ ವಿಳಾಸ ತುಂಬಿಸಬೇಡಿ. ತೋಟದ ತಗ್ಗಿನಲ್ಲಿ ನೆಟ್‌ವರ್ಕ್ ಸಿಗುವುದಿಲ್ಲ. ಉಚಿತ 'ಡೈನಾಮಿಕ್' ಕೋಡುಗಳಂತೂ (ಕೋಡ್ ಮಾಡಿಕೊಡುವ ಕಂಪನಿಯ ತಾಣದ ಮೂಲಕವೇ ತೆರೆಯುವಂಥವು) ಅವಧಿ ಮುಗಿದ ದಿನ ಒಟ್ಟಿಗೇ ಸಾಯುತ್ತವೆ.

ಒಂದು ಚೌಕಕ್ಕೆ 1 ಮಿ.ಮೀ. ಇಟ್ಟರೆ ಕೋಡ್ 21 ಮಿ.ಮೀ. ಆಗುತ್ತದೆ. ಸುತ್ತ 4 ಮಿ.ಮೀ. ಬಿಳಿ ಅಂಚು ಬಿಡಲೇಬೇಕು, ಅದನ್ನು ಕತ್ತರಿಸಿದರೆ ಫೋನ್ ತಡಕಾಡುತ್ತದೆ. ಕೆಳಗೆ ನಂಬರನ್ನು ದಪ್ಪಕ್ಷರದಲ್ಲಿ ಮುದ್ರಿಸಿ. ಇಂಕ್‌ಜೆಟ್ ಕಾಗದ ಮಲೆನಾಡಿನ ಮಳೆಗೆ ಕರಗುತ್ತದೆ. ಪಾಲಿಯೆಸ್ಟರ್ ಸ್ಟಿಕ್ಕರ್, ಮೇಲೆ ಮ್ಯಾಟ್ ಲ್ಯಾಮಿನೇಶನ್ ಕೇಳಿ. ಹೊಳೆಯುವ ಲ್ಯಾಮಿನೇಶನ್ ಬಿಸಿಲಿಗೆ ಕನ್ನಡಿಯಾಗುತ್ತದೆ.

ಬೆಲ್ಟಿನ ಪಟ್ಟಿಗೆ ನೇರ ಅಂಟಿಸಬೇಡಿ, ಮಾರ್ಕರಿನಲ್ಲಿ ಬರೆಯಲೂ ಬೇಡಿ. ಗೋಂದು, ಶಾಯಿಯ ದ್ರಾವಕ ಎಳೆಗೆ ಒಳ್ಳೆಯದಲ್ಲ. ಪ್ಲಾಸ್ಟಿಕ್ ಬಿಲ್ಲೆಗೆ ಅಂಟಿಸಿ, ಭಾರ ಬೀಳದ ಕಡೆ ಕೇಬಲ್ ಟೈಯಿಂದ ಕಟ್ಟಿ. ಕಂಪನಿಯ ಲೇಬಲ್ ಮುಚ್ಚಬಾರದು. ತಯಾರಿಕೆಯ ತಿಂಗಳು, ಐಎಸ್ 3521 (ಸೇಫ್ಟಿ ಬೆಲ್ಟಿನ ಭಾರತೀಯ ಮಾನದಂಡ) ಗುರುತು ಇರುವುದು ಅಲ್ಲೇ.

ಸ್ಕ್ಯಾನ್ ಮಾಡಿದಾಗ ಬಂದ ನಂಬರನ್ನು ಹುಡುಕಿ ತುಂಬಿಸಲು ಫೋನಿನಲ್ಲಿ ಒಂದು ಸ್ಪ್ರೆಡ್‌ಶೀಟ್ ಇರಲಿ. ಅದರಲ್ಲಿ ನಂಬರು, ತಯಾರಿಕೆ ದಿನ, ಕೊಂಡ ದಿನ, ತಪಾಸಣೆ ದಿನ, ನೋಡಿದವರು, ಫಲಿತಾಂಶ ಎಂದು ಆರು ಕಾಲಂ ಸಾಕು. ನೆಟ್ ಇಲ್ಲದೆಯೂ ತೆರೆಯುವಂತೆ ಇಟ್ಟುಕೊಳ್ಳಿ.

ಇನ್ನು ನಿಜವಾದ ಕೆಲಸ. ಸ್ಕ್ಯಾನ್ ಮಾಡಿದ ಮಾತ್ರಕ್ಕೆ ಬೆಲ್ಟು ತಪಾಸಣೆಯಾಗಲಿಲ್ಲ. ಪಟ್ಟಿಯನ್ನು ಎರಡು ಕೈಯಲ್ಲಿ 15-20 ಸೆ.ಮೀ. ಅಂತರದಲ್ಲಿ ಹಿಡಿದು, ಬಿಲ್ಲಿನಂತೆ ಮೇಲಕ್ಕೆ ಬಗ್ಗಿಸಿ. ಚಪ್ಪಟೆಯಿದ್ದಾಗ ಕಾಣದ ಕತ್ತಿಯ ಗಾಯ, ಸವೆದ ಎಳೆ ಆಗ ಬಾಯಿ ಬಿಡುತ್ತವೆ. ಹೀಗೇ ಪೂರ್ತಿ ಉದ್ದ, ಎರಡೂ ಮಗ್ಗುಲು. ಹೊಲಿಗೆಯ ದಾರ ಕಿತ್ತಿದೆಯೇ, ಬಣ್ಣ ಬಿಳಿಚಿ ಪಟ್ಟಿ ಬಿರುಸಾಗಿದೆಯೇ, ಕೊಕ್ಕೆಯ ಬಾಯಿ ಬಿಟ್ಟ ಕೂಡಲೇ ತಾನಾಗಿ ಮುಚ್ಚಿ ಲಾಕ್ ಆಗುತ್ತದೆಯೇ ನೋಡಿ. ಹಗ್ಗವನ್ನು ಬೆರಳಿನ ನಡುವೆ ಜಾರಿಸಿ. ಮೆದುವಾದ, ಚಪ್ಪಟೆಯಾದ ಜಾಗ ಸಿಕ್ಕರೆ ಆ ಹಗ್ಗ ಬೇಡ. ಬೋರ್ಡೋದ ನೀಲಿ ಕಲೆಯನ್ನು ಅದೇ ದಿನ ತಣ್ಣೀರಿನಲ್ಲಿ ತೊಳೆದು ನೆರಳಲ್ಲಿ ಆರಿಸಿ. ಸುಣ್ಣದ ಕ್ಷಾರ ಪಾಲಿಯೆಸ್ಟರಿಗೆ ಆಗದು, ಒಣಗಿದ ಹರಳು ಎಳೆಗಳ ನಡುವೆ ಸೇರಿ ಕೊಯ್ಯುತ್ತದೆ. ಅಡಿಕೆ ಬೇಯಿಸುವ ಒಲೆಯ ಹತ್ತಿರವಂತೂ ನೇತುಹಾಕಲೇಬೇಡಿ.

ತೊಡುವ ಮೊದಲು ಪ್ರತಿ ಸಲವೂ ಹೀಗೆ ನೋಡಬೇಕು. ವರ್ಷಕ್ಕೊಮ್ಮೆಯಾದರೂ ತಿಳಿದವರಿಂದ ವಿವರವಾಗಿ ಆಗಬೇಕು. ಎಲ್ಲ ಕೋಡನ್ನೂ ಒಂದು ಹಾಳೆಯಲ್ಲಿ ಮುದ್ರಿಸಿ ಗೋಡೆಗೆ ಅಂಟಿಸುವ ರೂಢಿಯಿದೆ. ಕೂತಲ್ಲೇ ಸ್ಕ್ಯಾನ್ ಮಾಡಿ 'ಸರಿ ಇದೆ' ಎಂದು ತುಂಬಿಸುವುದು ಶುರುವಾಗುವುದು ಅಲ್ಲಿಂದಲೇ. ಆ ಹಾಳೆಯನ್ನು ಹರಿದುಹಾಕಿ.

ಯಾರನ್ನಾದರೂ ಬೀಳದಂತೆ ಒಮ್ಮೆ ತಡೆದ ಬೆಲ್ಟು, ನೋಡಲು ಹೊಸದರಂತಿದ್ದರೂ ಮತ್ತೆ ಮರ ಹತ್ತಬಾರದು. ಶೀಟಿನಲ್ಲಿ 'ರದ್ದು' ಎಂದು ಬರೆದು, ಬಿಲ್ಲೆ ಕಿತ್ತು, ಪಟ್ಟಿಯನ್ನು ಎರಡು ಕಡೆ ಕತ್ತರಿಸಿ. ಆ ನಂಬರನ್ನು ಮುಂದೆ ಯಾವುದಕ್ಕೂ ಕೊಡಬೇಡಿ.