ರೋಬೋಟ್ ಆಪರೇಷನ್: ಊರಿಂದ ಹೊರಡುವ ಮುಂಚೆ

"ನಡುವ ಕರೆಂಟ್ ಹೋದ್ರ ಆ ರೋಬೋಟ್ ಏನ್ ಮಾಡ್ತೈತಿ?"

ಕೊಪ್ಪಳದ ಪರಿಚಯದ ಕಾಕಾ ಒಬ್ಬರು ಕೇಳಿದ ಪ್ರಶ್ನೆ. ಅವರ ಜಠರದಲ್ಲಿ ಕ್ಯಾನ್ಸರ್ ಗಡ್ಡೆ. ಆಸ್ಪತ್ರೆಯಲ್ಲಿ ರೋಬೋಟ್ ಆಪರೇಷನ್ ಅಂದಿದ್ದಾರೆ. ನಗುವ ಪ್ರಶ್ನೆಯಲ್ಲ ಇದು. ಆಸ್ಪತ್ರೆಯಲ್ಲಿ ಜನರೇಟರ್ ಇರುತ್ತದೆ, ಯಂತ್ರದೊಳಗೂ ಬ್ಯಾಟರಿ ಇರುತ್ತದೆ. ಆದರೂ ಯಂತ್ರ ಕೈಕೊಟ್ಟರೆ ಪಕ್ಕದಲ್ಲಿ ನಿಂತ ತಂಡ ಅದರ ತೋಳುಗಳನ್ನು ತೆಗೆದು ಕೈಯಿಂದಲೇ ಮುಂದುವರಿಸುತ್ತದೆ. ರೋಬೋಟ್ ತಾನಾಗಿ ಏನೂ ಮಾಡುವುದಿಲ್ಲ. ಕೊಯ್ಯುವುದೂ ಹೊಲಿಯುವುದೂ ಡಾಕ್ಟರೇ.

ಮೊದಲು ಎಂಡೋಸ್ಕೋಪಿ

ಅರ್ಧ ರೊಟ್ಟಿಗೇ ಹೊಟ್ಟೆ ತುಂಬುವುದು, ತೂಕ ಇಳಿಯುವುದು, ಕಪ್ಪು ಮಲ, ಕಾರಣವಿಲ್ಲದೆ ರಕ್ತ ಕಡಿಮೆಯಾಗುವುದು. ಇವನ್ನು ಗ್ಯಾಸ್ ಅಂತ ತಿಂಗಳುಗಟ್ಟಲೆ ಮಾತ್ರೆ ನುಂಗಿ ತಳ್ಳಬೇಡಿ. ಎಂಡೋಸ್ಕೋಪಿ ಮಾಡಿ, ಅಂದರೆ ಬಾಯಿಂದ ಕ್ಯಾಮೆರಾ ನಳಿಕೆ ಇಳಿಸಿ ನೋಡಿ, ಗಡ್ಡೆಯ ಚೂರು ತೆಗೆದು ಬಯಾಪ್ಸಿಗೆ ಕಳಿಸಿದರೆ ಮಾತ್ರ ಖಾತ್ರಿ.

ಆಮೇಲೆ ಸ್ಕ್ಯಾನ್

ಕ್ಯಾನ್ಸರ್ ಎಲ್ಲಿಯವರೆಗೆ ಹೋಗಿದೆ ಅಂತ ಸಿಟಿ ಸ್ಕ್ಯಾನ್ ಹೇಳುತ್ತದೆ. ಕೆಲವರಿಗೆ ಸಣ್ಣ ತೂತು ಮಾಡಿ, ಕ್ಯಾಮೆರಾ ಇಳಿಸಿ ಒಳಗೆ ನೋಡಬೇಕಾಗುತ್ತದೆ. ತೀರಾ ಆರಂಭದ ಗಡ್ಡೆಯಾದರೆ ಎಂಡೋಸ್ಕೋಪಿಯಲ್ಲೇ ತೆಗೆಯಲು ಸಾಧ್ಯವಾಗಬಹುದು. ಲಿವರ್‌ಗೆ ಹಬ್ಬಿದ್ದರೆ ಸಾಮಾನ್ಯವಾಗಿ ಮದ್ದೇ ದಾರಿ, ಆಪರೇಷನ್ ಅಲ್ಲ. ನಡುವಿನ ಹಂತದಲ್ಲಿ ಅನೇಕರಿಗೆ ಮೊದಲು ಕೀಮೋ, ಅಂದರೆ ಕ್ಯಾನ್ಸರ್ ಮದ್ದು, ಕೊಡುತ್ತಾರೆ. ಫ್ಲಾಟ್ ಎಂಬ ಕೀಮೋ ಆದರೆ ಎರಡು ವಾರಕ್ಕೊಮ್ಮೆ, ಆಪರೇಷನ್‌ಗೆ ಮುಂಚೆ 4 ಸಲ, ನಂತರ 4 ಸಲ. "ಮೊದ್ಲು ಕೊಯ್ದು ತೆಗೀರಿ" ಅಂತ ಮನೆಯವರು ಅವಸರ ಮಾಡುತ್ತಾರೆ. ಆ ಅವಸರ ಬೇಡ.

ದುಡ್ಡಿನ ಮಾತು ಮುಂಚೆಯೇ

ರಾಯಚೂರಿನ ರಿಮ್ಸ್, ಕೊಪ್ಪಳದ ಕಿಮ್ಸ್ ಅಥವಾ ಬಳ್ಳಾರಿಯ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆಯಲ್ಲಿ ತೋರಿಸಿ, ರೆಫರಲ್ ಚೀಟಿ ಕೇಳಿ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ಆದರೆ ರೋಬೋಟ್‌ನ ಹೆಚ್ಚುವರಿ ಖರ್ಚು ಅದರಲ್ಲಿ ಬರುತ್ತದೋ ಇಲ್ಲವೋ, ಹೋಗುವ ಆಸ್ಪತ್ರೆಯಲ್ಲಿ ಈ ಯೋಜನೆಯ ಸಹಾಯಕ್ಕಿರುವ ಆರೋಗ್ಯ ಮಿತ್ರರ ಬಳಿ ಕೇಳಿ. ಅದರ ಉಪಕರಣಗಳನ್ನು ಇಂತಿಷ್ಟು ಸಲ ಮಾತ್ರ ಬಳಸಬಹುದು, ಬಿಲ್ ಏರುವುದು ಅಲ್ಲೂ.

ಡಾಕ್ಟರಿಗೆ ಇನ್ನೊಂದು ಪ್ರಶ್ನೆ: "ಜಠರದ ಇಂಥ ಆಪರೇಷನ್ ನೀವು ಎಷ್ಟು ಮಾಡಿದೀರಿ ಸರ್?" ಕೇಳಲು ಸಂಕೋಚ ಬೇಡ. ನನ್ನ ಲೆಕ್ಕದಲ್ಲಿ ಯಂತ್ರಕ್ಕಿಂತ ಈ ಉತ್ತರವೇ ಮುಖ್ಯ. ಸಣ್ಣ ತೂತಿನಿಂದ ಕ್ಯಾಮೆರಾ ಇಳಿಸಿ ಮಾಡುವ ಸಾಮಾನ್ಯ ಆಪರೇಷನ್‌ಗೆ, ಅಂದರೆ ಲ್ಯಾಪರೋಸ್ಕೋಪಿಗೆ ಹೋಲಿಸಿದರೆ ರೋಬೋಟ್‌ನಲ್ಲಿ ರಕ್ತ ಕಡಿಮೆ ಹೋಗುತ್ತದೆ. ಸಮಯ, ಖರ್ಚು ಜಾಸ್ತಿ. ಆಯುಷ್ಯದ ವಿಷಯದಲ್ಲಿ ದೊಡ್ಡ ವ್ಯತ್ಯಾಸ ಕಂಡಿಲ್ಲ.

ಆ ದಿನ

ಗುಟ್ಕಾ, ಬೀಡಿ ವಾರಗಳ ಮುಂಚೆಯೇ ಬಿಟ್ಟಿರಬೇಕು. ಪೂರ್ತಿ ಅರಿವಳಿಕೆ ಕೊಟ್ಟು, ಹೊಟ್ಟೆಗೆ ಕಾರ್ಬನ್ ಡೈಆಕ್ಸೈಡ್ ತುಂಬಿ ಉಬ್ಬಿಸುತ್ತಾರೆ. ಸುಮಾರು 8 ಮಿಲಿಮೀಟರಿನ ನಾಲ್ಕೈದು ತೂತು. ರೋಬೋಟ್ ತೋಳುಗಳು ಅಲ್ಲಿಂದ ಒಳಗೆ. ಡಾಕ್ಟರು ಕೆಲವು ಅಡಿ ದೂರದಲ್ಲಿ ಕೂತು, ದೊಡ್ಡದಾಗಿ ಕಾಣುವ ಮೂರು ಆಯಾಮದ ಚಿತ್ರ ನೋಡುತ್ತಾ ಹಿಡಿಕೆ ಆಡಿಸುತ್ತಾರೆ. ತೋಳಿನ ತುದಿ ನಮ್ಮ ಮಣಿಕಟ್ಟಿನ ಹಾಗೆ ತಿರುಗುತ್ತದೆ. ಕೈ ನಡುಗಿದರೂ ಅದು ಆ ನಡುಕವನ್ನು ಸೋಸಿಬಿಡುತ್ತದೆ. ಜಠರದ ಹಿಂದೆ ರಕ್ತನಾಳಗಳ ಗುಂಟ ಇರುವ, ಕ್ಯಾನ್ಸರ್ ಹರಡಬಹುದಾದ ದುಗ್ಧಗ್ರಂಥಿಗಳನ್ನು (ಲಿಂಫ್ ನೋಡ್) ಬಿಡಿಸಿ ತೆಗೆಯುವಾಗ ಇದು ಬಹಳ ಅನುಕೂಲ. ಕನಿಷ್ಠ 16 ಗ್ರಂಥಿಗಳನ್ನಾದರೂ ಪರೀಕ್ಷೆ ಮಾಡಬೇಕು ಅನ್ನುವುದು ನಿಯಮ. ಆಪರೇಷನ್ ನಂತರದ ಬಯಾಪ್ಸಿ ವರದಿಯಲ್ಲಿ ಆ ಸಂಖ್ಯೆ ಇರುತ್ತದೆ, ನೋಡಿಕೊಳ್ಳಿ.

ಗಡ್ಡೆ ಕೆಳಭಾಗದಲ್ಲಿದ್ದರೆ ಜಠರದ ಒಂದು ಪಾಲು ಉಳಿಯುತ್ತದೆ. ಮೇಲ್ಭಾಗದಲ್ಲಿದ್ದರೆ ಸಾಮಾನ್ಯವಾಗಿ ಜಠರವನ್ನು ಪೂರ್ತಿ ತೆಗೆದು, ಅನ್ನನಾಳವನ್ನು ಸಣ್ಣ ಕರುಳಿಗೆ ಜೋಡಿಸುತ್ತಾರೆ. ತೆಗೆದದ್ದು ಹೊರಬರಲು ಒಂದು ತೂತನ್ನು ಸ್ವಲ್ಪ ದೊಡ್ಡದು ಮಾಡಲೇಬೇಕು. ಹೊರಗೆ ಗಾಯ ಚಿಕ್ಕದು, ಒಳಗಿನ ಆಪರೇಷನ್ ದೊಡ್ಡದೇ. ಒಪ್ಪಿಗೆ ಪತ್ರದಲ್ಲಿ "ಬೇಕಾದರೆ ಹೊಟ್ಟೆ ತೆರೆಯುತ್ತೇವೆ" ಅಂತಲೂ ಇರುತ್ತದೆ. ಗಾಬರಿ ಬೇಡ.

ಮನೆಗೆ ಬಂದ ಮೇಲೆ

ಮೂರು ಹೊತ್ತಿನ ಊಟ ಮರೆತು, ಆರು ಹೊತ್ತು ಸ್ವಲ್ಪ ಸ್ವಲ್ಪ ಉಣ್ಣಬೇಕು. ಮೊದಲು ಗಂಜಿ, ಮೆತ್ತನೆ ಅನ್ನ. ರೊಟ್ಟಿ, ಮಿರ್ಚಿಗೆ ಡಾಕ್ಟರು ಹೇಳುವವರೆಗೆ ಕಾಯಬೇಕು. ಊಟದ ಜೊತೆ ತಂಬಿಗೆ ನೀರು ಕುಡಿಯಬೇಡಿ. ಸಿಹಿ ಜಾಸ್ತಿ ತಿಂದರೆ ಬೆವರು, ಎದೆಬಡಿತ, ಭೇದಿ ಬರಬಹುದು. ಜಠರ ಪೂರ್ತಿ ತೆಗೆದಿದ್ದರೆ ಬಿ12 ಇಂಜೆಕ್ಷನ್ ಜೀವನಪೂರ್ತಿ. ಅದಕ್ಕೆ ದೂರದ ಊರಿಗೆ ಹೋಗಬೇಕಿಲ್ಲ. ಚೀಟಿ ತೋರಿಸಿದರೆ ಹತ್ತಿರದ ಆಸ್ಪತ್ರೆಯಲ್ಲೇ ಹಾಕಿಸಬಹುದು, ತಾರೀಖು ಮಾತ್ರ ಗೋಡೆ ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ.